ಮಲೆನಾಡಿನ ರಸ್ತೆಗೆ ಅಡಾಪ್ಟಿವ್ ಸಸ್ಪೆನ್ಷನ್: ಕುಟುಂಬದ ಕಾರಿಗೆ ಹೆಚ್ಚಿನ ಹಣ ಕೊಡಬೇಕೇ?

ರಸ್ತೆಗೆ ತಕ್ಕಂತೆ ಶಾಕ್ ಅಬ್ಸಾರ್ಬರುಗಳ ಬಿಗಿತವನ್ನು ತಾನೇ ಬದಲಿಸುವ ಅಡಾಪ್ಟಿವ್ ಸಸ್ಪೆನ್ಷನ್ ಎಂಬುದು ನಮ್ಮಲ್ಲಿ ಬಹುಕಾಲ ದುಬಾರಿ ಜರ್ಮನ್ ಕಾರುಗಳಿಗಷ್ಟೇ ಸೇರಿದ ಸೌಲಭ್ಯವಾಗಿತ್ತು. ಸ್ಕೋಡಾ ತನ್ನ ಕೋಡಿಯಾಕ್ ಮತ್ತು ಸೂಪರ್ಬ್ ಕಾರುಗಳಲ್ಲಿ ಡೈನಮಿಕ್ ಚಾಸಿ ಕಂಟ್ರೋಲ್ ಎಂಬ ಹೆಸರಿನಿಂದ ಅದನ್ನು ಸ್ವಲ್ಪ ಕೆಳಗಿನ ಬೆಲೆಗೆ ತಂದಿತು. 2024ರ ನವೆಂಬರಿನಲ್ಲಿ ಮಹೀಂದ್ರಾ ಬಿಡುಗಡೆ ಮಾಡಿದ ಎರಡು ವಿದ್ಯುತ್ ಕಾರುಗಳ ಮೇಲ್ದರ್ಜೆಯ ಆವೃತ್ತಿಗಳಲ್ಲೂ ಅದು ಕಾಣಿಸಿಕೊಂಡ ಮೇಲೆ, ಹಾಸನ ಮತ್ತು ಚಿಕ್ಕಮಗಳೂರಿನಲ್ಲಿ ಕಾರು ಕೊಳ್ಳಲು ಹೊರಟ ಕುಟುಂಬಗಳು ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳುತ್ತಿವೆ. ಕೆಳಗಿನ ಆವೃತ್ತಿಯಲ್ಲೇ ಬೇಕಾದಷ್ಟು ಅನುಕೂಲಗಳಿರುವಾಗ, ಸಸ್ಪೆನ್ಷನ್‌ಗಾಗಿ ಇನ್ನೂ ಕೆಲವು ಲಕ್ಷ ಕೊಡುವುದು ಸರಿಯೇ?

ಒಂದೇ ಮಾದರಿಯ ಎರಡು ಕಾರುಗಳನ್ನು, ಒಂದರಲ್ಲಿ ಈ ವ್ಯವಸ್ಥೆ ಇದ್ದು ಇನ್ನೊಂದರಲ್ಲಿ ಇಲ್ಲದಿರುವಂಥವನ್ನು, ನಮ್ಮ ಎರಡು ಜಿಲ್ಲೆಗಳ ರಸ್ತೆಗಳಲ್ಲಿ ಮಳೆಗಾಲದಲ್ಲೂ ಮಳೆ ನಿಂತ ಮೇಲೂ ಓಡಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಇಲ್ಲಿ ತೂಗಿ ನೋಡಬೇಕಾದದ್ದು ತಂತ್ರವನ್ನೇ ಹೊರತು ಒಂದು ಕಂಪನಿಯನ್ನಲ್ಲವಾದ್ದರಿಂದ ಮಾದರಿಯ ಹೆಸರನ್ನು ಬಿಟ್ಟಿದ್ದೇನೆ. ನನಗೆ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಈ ಸೌಲಭ್ಯವನ್ನು ಬಯಸುವುದು ರಸ್ತೆಯ ಗುಂಡಿಗಳ ಕಾಟಕ್ಕಾಗಿ. ಆದರೆ ಅದರ ನಿಜವಾದ ಉಪಕಾರ ಸಿಗುವುದು ತುಂಬಿದ ಕಾರು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ. ಗುಂಡಿಯ ವಿಷಯದಲ್ಲಿ ಅದರಿಂದ ಆಗುವ ಸಹಾಯ ತೀರಾ ಕಡಿಮೆ.

ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಶಾಕ್ ಅಬ್ಸಾರ್ಬರಿನ ಕೆಲಸ ಗೊತ್ತಿರಬೇಕು. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಅದು ಒಮ್ಮೆ ಕುಗ್ಗಿದರೆ ಮತ್ತೆ ಹಿಗ್ಗಿ, ಮತ್ತೆ ಕುಗ್ಗಿ, ಕಾರನ್ನು ತೂಗಾಡಿಸುತ್ತಲೇ ಇರುತ್ತದೆ. ಶಾಕ್‌ನೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಆ ಚಲನೆ ಬಿಸಿಯಾಗಿ ಕರಗಿ ತೂಗಾಟ ನಿಲ್ಲುತ್ತದೆ. ರಂಧ್ರ ಕಿರಿದಾಗಿದ್ದರೆ ಕಾರು ಬಿಗಿಯಾಗಿ ಹಿಡಿತದಲ್ಲಿರುತ್ತದೆ, ಆದರೆ ರಸ್ತೆಯ ಪ್ರತಿಯೊಂದು ಒರಟೂ ಸೀಟಿಗೆ ತಲುಪುತ್ತದೆ. ಅಗಲವಾಗಿದ್ದರೆ ಸೀಟು ಮೆತ್ತಗೆನಿಸುತ್ತದೆ, ಆದರೆ ಕಾರು ತೇಲಾಡುತ್ತದೆ. ಸಾಮಾನ್ಯ ಕಾರಿನಲ್ಲಿ ಇವೆರಡರ ನಡುವಿನ ಒಂದು ರಾಜಿಯನ್ನು ಕಾರ್ಖಾನೆಯಲ್ಲೇ ಒಮ್ಮೆಗೆ ಮಾಡಿ ಮುಗಿಸಿರುತ್ತಾರೆ. ಅಡಾಪ್ಟಿವ್ ವ್ಯವಸ್ಥೆಯಲ್ಲಿ ಕಾರಿನ ಮೈಗೂ ಚಕ್ರಗಳ ಬಳಿಗೂ ಅಳವಡಿಸಿದ ಸೆನ್ಸರ್‌ಗಳು ಚಲನೆಯನ್ನು ಅಳೆಯುತ್ತವೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ವಿದ್ಯುತ್ ವಾಲ್ವ್ ಆ ರಂಧ್ರವನ್ನು ಕ್ಷಣಕ್ಷಣಕ್ಕೂ ಹಿಗ್ಗಿಸಿ ಕುಗ್ಗಿಸುತ್ತದೆ.

ಈ ಯೋಚನೆ ಹೊಸದೇನಲ್ಲ. ಟೊಯೋಟಾ 1983ರಲ್ಲೇ ಸೋರರ್ ಎಂಬ ಕಾರಿನಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಶಾಕ್‌ಗಳನ್ನು ಕೊಟ್ಟಿತ್ತು. 2002ರಲ್ಲಿ ಕ್ಯಾಡಿಲ್ಯಾಕ್ ಸೆವಿಲ್ ಕಾರಿನಲ್ಲಿ ಬಂದ ಮ್ಯಾಗ್ನೆರೈಡ್ ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ವಾಲ್ವ್‌ಗೆ ಬದಲಾಗಿ ಎಣ್ಣೆಯಲ್ಲೇ ಕಬ್ಬಿಣದ ಸೂಕ್ಷ್ಮ ಕಣಗಳನ್ನು ಬೆರೆಸಿ, ಕಾಂತಕ್ಷೇತ್ರದಿಂದ ಎಣ್ಣೆಯನ್ನೇ ಗಟ್ಟಿ ಮಾಡುತ್ತಾರೆ. ಇವೆಲ್ಲದರ ಹಿಂದಿರುವ ಲೆಕ್ಕದ ಬುನಾದಿ 1974ರಲ್ಲಿ ಡೀನ್ ಕಾರ್ನಾಪ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ಒಂದು ಪ್ರಬಂಧದಲ್ಲಿದೆ. ಕಾರಿನ ಮೈಯನ್ನು ಆಕಾಶಕ್ಕೇ ಕೊಂಡಿ ಹಾಕಿ ನಿಲ್ಲಿಸಿದ್ದರೆ ಅದು ಎಷ್ಟು ಸ್ಥಿರವಾಗಿರುತ್ತಿತ್ತೋ ಅದಕ್ಕೆ ಆದಷ್ಟು ಹತ್ತಿರ ಹೋಗುವಂತೆ ಶಾಕ್‌ಗಳನ್ನು ನಿಯಂತ್ರಿಸಬೇಕು ಎಂಬುದು ಅದರ ತಿರುಳು. ಗಮನಿಸಬೇಕಾದದ್ದು ಇಷ್ಟೇ: ಈ ಸಿದ್ಧಾಂತದ ಗುರಿ ಕಾರಿನ ಮೈಯ ನಿಧಾನವಾದ ತೂಗಾಟ. ಅದು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಬಾರಿ ಆಗುವಂಥದ್ದು. ಚಕ್ರ ಮತ್ತು ಅದರ ಆಕ್ಸಲ್ ಕಂಪಿಸುವುದು ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ. ಗುಂಡಿಯ ಅಂಚಿನ ಪೆಟ್ಟು ಆ ಎರಡನೆಯ ವರ್ಗಕ್ಕೆ ಸೇರುತ್ತದೆ.

ಹಾಸನದಿಂದ ಸಕಲೇಶಪುರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಐದು ಜನ ಮತ್ತು ಅವರ ಸಾಮಾನಿನೊಂದಿಗೆ ಹೊರಟಾಗ ಎರಡು ಕಾರುಗಳ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಸೇತುವೆಯ ಮೇಲೆ ಹತ್ತಿ ಇಳಿಯುವಾಗ, ರಸ್ತೆ ಅಲೆಯಂತೆ ತಗ್ಗಿ ಏರುವ ಜಾಗಗಳಲ್ಲಿ, ಸಾಮಾನ್ಯ ಶಾಕ್‌ಗಳ ಕಾರು ಹಿಂಭಾಗವನ್ನು ಕೆಳಗೆ ಒತ್ತಿ ಮತ್ತೆ ಮೇಲೆತ್ತಿ, ಆಮೇಲೂ ಒಂದು ಸಣ್ಣ ತೂಗಾಟ ಉಳಿಸಿಕೊಳ್ಳುತ್ತದೆ. ಅಡಾಪ್ಟಿವ್ ಶಾಕ್‌ಗಳ ಕಾರು ಒಂದೇ ಚಲನೆಯಲ್ಲಿ ಕುಳಿತು ಸುಮ್ಮನಾಗುತ್ತದೆ. ಚಾಲಕನಿಗೆ ಇದು ಸಣ್ಣ ವಿಷಯವೆನಿಸಬಹುದು. ಹಿಂದಿನ ಸೀಟಿನಲ್ಲಿ ಕುಳಿತ ವಯಸ್ಸಾದವರಿಗೆ ದೊಡ್ಡ ವಿಷಯ. ಬೆನ್ನು ನೋವಿರುವ ನಮ್ಮ ದೊಡ್ಡಮ್ಮ ಯಾವ ಕಾರಿನಲ್ಲಿ ಏನಿದೆ ಎಂದು ತಿಳಿಯದೆಯೇ, "ಈ ಕಾರಲ್ಲಿ ನಡ ಹಿಡ್ಕಳ್ಳಲ್ಲ ಕಣಪ್ಪ" ಎಂದದ್ದು ಅಡಾಪ್ಟಿವ್ ಇದ್ದ ಕಾರಿನಲ್ಲೇ. ಒಬ್ಬರ ಮಾತು ಪುರಾವೆಯಲ್ಲ ಎಂಬುದನ್ನು ಬಲ್ಲೆ. ಆದರೂ ಕುಟುಂಬದ ಕಾರನ್ನು ಅಳೆಯಬೇಕಾದದ್ದು ಹಿಂದಿನ ಸೀಟಿನಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ಫಲಿತಾಂಶ ಬೇರೆಯಾಯಿತು. ಕಾಂಕ್ರೀಟ್ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ 4.5 ಮೀಟರಿಗೊಂದು ಅಡ್ಡ ಕೀಲು ಇರುತ್ತದೆ. ಗಂಟೆಗೆ 65 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ನಾಲ್ಕು ಕೀಲುಗಳನ್ನು ದಾಟಿದಂತಾಗುತ್ತದೆ. ಮನುಷ್ಯ ದೇಹದ ಮೇಲಿನ ಕಂಪನದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2631ರ ಪ್ರಕಾರ, ಕುಳಿತವರಿಗೆ ಅತಿ ಹೆಚ್ಚು ತಟ್ಟುವ ಮೇಲೆ-ಕೆಳಗಿನ ಕಂಪನ ಸೆಕೆಂಡಿಗೆ ನಾಲ್ಕರಿಂದ ಎಂಟು ಬಾರಿಯದು. ಅಂದರೆ ಘಾಟಿಯ ಕೀಲುಗಳು ತಟ್ಟುವುದು ಸರಿಯಾಗಿ ದೇಹ ಸಹಿಸದ ಜಾಗಕ್ಕೇ. ಶಾಕ್‌ಗಳನ್ನು ಮೆತ್ತಗಿಡುವ ಕಂಫರ್ಟ್ ಮೋಡ್‌ನಲ್ಲಿ ಅಡಾಪ್ಟಿವ್ ಕಾರು ಆ ತಟ್ಟುವಿಕೆಯನ್ನು ಕೊಂಚ ಮೃದುಗೊಳಿಸಿತು, ನಿಜ. ಆದರೆ ವೇಗವನ್ನು ಹತ್ತು ಕಿ.ಮೀ. ಇಳಿಸಿದಾಗ ಸಿಕ್ಕ ನೆಮ್ಮದಿ ಅದಕ್ಕಿಂತ ಹೆಚ್ಚಿನದಾಗಿತ್ತು, ಅದೂ ಎರಡೂ ಕಾರುಗಳಲ್ಲಿ.

ಇನ್ನು ಗುಂಡಿಗಳ ವಿಷಯ. ಮಳೆಗಾಲ ಮುಗಿಯುವ ಹೊತ್ತಿಗೆ ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರಿನ ಕಡೆಯ ಒಳರಸ್ತೆಗಳು ಹೇಗಿರುತ್ತವೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಡಾಂಬರು ಕಿತ್ತು, ಜಲ್ಲಿ ಮೇಲೆದ್ದು, ಗುಂಡಿಯ ಅಂಚು ಕತ್ತರಿಸಿಟ್ಟಂತೆ ಚೂಪಾಗಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಶಾಕ್‌ನ ವಾಲ್ವ್ ಬದಲಾಗಲು ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು ಎಂದುಕೊಂಡರೂ ಅಷ್ಟರಲ್ಲಿ ಚಕ್ರ ಹದಿನೇಳು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಅಂಚಿನ ಪೆಟ್ಟು ಆಗಿಹೋಗಿರುತ್ತದೆ. ಪೆಟ್ಟು ಬಿದ್ದ ಮೇಲೆ ಕಾರಿನ ಮೈ ಎಷ್ಟು ಬೇಗ ಸ್ಥಿಮಿತಕ್ಕೆ ಬರುತ್ತದೆ ಎಂಬುದನ್ನಷ್ಟೇ ಈ ವ್ಯವಸ್ಥೆ ಸುಧಾರಿಸಬಲ್ಲದು. ಇದಕ್ಕೆ ಉಪಾಯಗಳೇ ಇಲ್ಲವೆಂದಲ್ಲ. 2013ರ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಕ್ಯಾಮೆರಾದಿಂದ ಮುಂದಿನ ರಸ್ತೆಯನ್ನು ಓದುವ ವ್ಯವಸ್ಥೆ ಬಂದಿತ್ತು. ಫೋರ್ಡ್ ತನ್ನ 2017ರ ಫ್ಯೂಷನ್ ವಿ6 ಸ್ಪೋರ್ಟ್ ಕಾರಿನಲ್ಲಿ, ಗುಂಡಿಗೆ ಇಳಿಯತೊಡಗಿದ ಚಕ್ರವನ್ನು ಗುರುತಿಸಿ ಶಾಕನ್ನು ತಕ್ಷಣ ಗಟ್ಟಿಗೊಳಿಸಿ, ಚಕ್ರ ಆಳಕ್ಕೆ ಬೀಳದಂತೆ ತಡೆಹಿಡಿಯುವ ಜಾಣ್ಮೆ ತೋರಿತ್ತು. ಮುಂದಿನ ಚಕ್ರದ ಸುದ್ದಿ ತಿಳಿದು ಹಿಂದಿನ ಚಕ್ರದ ಶಾಕ್ ಮೊದಲೇ ಸಿದ್ಧವಾಗುತ್ತಿತ್ತು. ಆ ಕಾರು ನಮ್ಮ ದೇಶಕ್ಕೆ ಬರಲಿಲ್ಲ. ಅಡಾಪ್ಟಿವ್ ಎಂಬ ಹೆಸರಿದ್ದ ಮಾತ್ರಕ್ಕೆ ಈ ಗುಣವೂ ಇದೆ ಎಂದು ಭಾವಿಸಬಾರದು. ನಾನು ಓಡಿಸಿದ ಕಾರಿನಲ್ಲಿ ಚೂಪು ಅಂಚಿನ ಗುಂಡಿಗೆ ಬಿದ್ದಾಗ ಸದ್ದೂ ಪೆಟ್ಟೂ ಸಾಮಾನ್ಯ ಕಾರಿನಷ್ಟೇ ಇದ್ದವು.

ಹಂಪುಗಳ ಕಥೆಯೂ ಇದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗೆ ಕಟ್ಟಿದ ಹಂಪನ್ನು ಯಾವ ಕಾರಾದರೂ ಸಲೀಸಾಗಿ ದಾಟುತ್ತದೆ. ಹಳ್ಳಿಯ ಶಾಲೆಯ ಮುಂದೆ ಒಂದೇ ರಾತ್ರಿಯಲ್ಲಿ ಏಳುವ ಕಿರಿದಾದ ದಿಣ್ಣೆಗಳಿಗೆ ಬೇಕಾದದ್ದು ನೆಲದಿಂದ ಎತ್ತರ ಮತ್ತು ಚಾಲಕನ ತಾಳ್ಮೆ.

ಚಾರ್ಮಾಡಿಯ ತಿರುವುಗಳ ಬಗ್ಗೆ ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಧರ್ಮಸ್ಥಳಕ್ಕೆ ಹೊರಟ ಕುಟುಂಬಗಳಲ್ಲಿ ಕೊಟ್ಟಿಗೆಹಾರ ದಾಟಿದೊಡನೆ ಮಕ್ಕಳಿಗೆ ವಾಂತಿ ಶುರುವಾಗುವುದು ನಮ್ಮ ಕಡೆ ಮಾಮೂಲು, ಮತ್ತು ಮಾರಾಟಗಾರರು ಅಡಾಪ್ಟಿವ್ ಸಸ್ಪೆನ್ಷನ್ ಇದ್ದರೆ ಆ ತೊಂದರೆ ಇರುವುದಿಲ್ಲ ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ತಿರುವಿನಲ್ಲಿ ಕಾರು ಎಷ್ಟು ವಾಲುತ್ತದೆ ಎಂಬುದನ್ನು ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಎಡ-ಬಲ ಚಕ್ರಗಳನ್ನು ಜೋಡಿಸಿ ವಾಲುವಿಕೆಯನ್ನು ತಡೆಯುವ ಸರಳಾದ ಆ್ಯಂಟಿ-ರೋಲ್ ಬಾರ್. ಶಾಕ್ ಎಷ್ಟೇ ಬುದ್ಧಿವಂತವಾಗಿದ್ದರೂ ಎಷ್ಟು ಬೇಗ ವಾಲುತ್ತದೆ ಎಂಬುದನ್ನಷ್ಟೇ ಬದಲಿಸಬಲ್ಲದು. ಒಂದರ ಬೆನ್ನಿಗೆ ಒಂದು ಬರುವ ಎಡ-ಬಲ ತಿರುವುಗಳಲ್ಲಿ ಇದು ಪ್ರಯೋಜನಕ್ಕೆ ಬರುತ್ತದೆ. ಕಾರು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಡಕ್ಕನೆ ಬೀಳುವುದಿಲ್ಲ. ಆದರೆ ವಾಂತಿ ತರಿಸುವ ಚಲನೆ ತೀರಾ ನಿಧಾನವಾದದ್ದು, ಐದು ಸೆಕೆಂಡಿಗೆ ಒಮ್ಮೆ ಆಗುವಂಥದ್ದು. ಉದ್ದ ತಿರುವುಗಳೂ, ಪದೇಪದೇ ಬ್ರೇಕ್ ಒತ್ತಿ ಬಿಡುವುದೂ ಉಂಟುಮಾಡುವುದು ಅದನ್ನೇ. ವಿದ್ಯುತ್ ಕಾರಾದರೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ತಾನೇ ವೇಗ ಇಳಿಯುವ ರೀಜನರೇಟಿವ್ ಬ್ರೇಕಿಂಗ್ ಇನ್ನಷ್ಟು ಕಾಡುತ್ತದೆ. ಅದನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ ಹದವಾಗಿ ಓಡಿಸಿದಾಗ ಹಿಂದಿನ ಸೀಟಿನ ಮಕ್ಕಳು ಆರಾಮಾಗಿದ್ದರು. ಇದಕ್ಕೆ ಲಕ್ಷ ರೂಪಾಯಿ ಬೇಕಾಗಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಡಿಕ್ಕಿಯಲ್ಲಿ 50 ಕೆ.ಜಿ.ಯ ಎರಡು ಕಾಫಿ ಮೂಟೆ ಹೇರಿ, ಹಿಂದೆ ಮೂವರು ಕುಳಿತರೆ ಕಾರಿನ ಹಿಂಭಾಗ ಕುಸಿಯುತ್ತದೆ. ಅಡಾಪ್ಟಿವ್ ಸಸ್ಪೆನ್ಷನ್ ಅದನ್ನು ಮೇಲೆತ್ತುತ್ತದೆ ಎಂದು ಹಲವರು ನಂಬಿದ್ದಾರೆ. ಉಕ್ಕಿನ ಸ್ಪ್ರಿಂಗ್ ಇರುವ ಕಾರಿನಲ್ಲಿ ಅದು ಸಾಧ್ಯವಿಲ್ಲ. ಎತ್ತರವನ್ನು ಸರಿದೂಗಿಸುವುದು ಏರ್ ಸಸ್ಪೆನ್ಷನ್ ಅಥವಾ 1955ರಲ್ಲಿ ಸಿಟ್ರೋಎನ್ ಡಿಎಸ್ ಕಾರಿನೊಂದಿಗೆ ಲೋಕಕ್ಕೆ ಪರಿಚಯವಾದ ಎಣ್ಣೆ-ಅನಿಲದ ವ್ಯವಸ್ಥೆ. ತೋಟದ ಕಚ್ಚಾ ರಸ್ತೆಯಲ್ಲಿ ನಡುಭಾಗದ ಕಲ್ಲಿಗೆ ಕಾರಿನ ಹೊಟ್ಟೆ ತಾಗುತ್ತದೆ ಎಂಬುದು ನಿಮ್ಮ ದೂರಾಗಿದ್ದರೆ, ಈ ಸೌಲಭ್ಯದಿಂದ ಅದು ಬಗೆಹರಿಯುವುದಿಲ್ಲ.

ನನಗೆ ನಿಜವಾಗಿ ಬೇಸರ ತರಿಸಿದ ಸಂಗತಿ ಚಕ್ರದ ಗಾತ್ರ. ಕಂಪನಿಗಳು ಅಡಾಪ್ಟಿವ್ ಶಾಕ್‌ಗಳನ್ನು ಮೇಲಿನ ಆವೃತ್ತಿಯಲ್ಲಷ್ಟೇ ಕೊಡುತ್ತವೆ, ಮತ್ತು ಅದೇ ಆವೃತ್ತಿಗೆ ನೋಟ ಚೆನ್ನಾಗಿರಲೆಂದು ದೊಡ್ಡ ಅಲಾಯ್ ಚಕ್ರಗಳನ್ನೂ ಹಾಕುತ್ತವೆ. 17 ಇಂಚಿನ ಚಕ್ರಕ್ಕೆ ಹಾಕುವ 235/65 ಆರ್17 ಅಳತೆಯ ಟೈರಿನ ಪಕ್ಕದ ಗೋಡೆಯ ಎತ್ತರ ಸುಮಾರು 153 ಮಿ.ಮೀ.; 19 ಇಂಚಿನ ಚಕ್ರದ 245/55 ಆರ್19 ಟೈರಿನದು ಸುಮಾರು 135 ಮಿ.ಮೀ. ಗುಂಡಿಯ ಅಂಚಿನ ಪೆಟ್ಟನ್ನು ಮೊದಲು ನುಂಗುವುದು ಈ ರಬ್ಬರಿನ ಗೋಡೆ ಮತ್ತು ಅದರೊಳಗಿನ ಗಾಳಿ, ಶಾಕ್ ಅಲ್ಲ. ಅಲ್ಲಿ 18 ಮಿ.ಮೀ. ಕಳೆದುಕೊಂಡು, ಭಾರವಾದ ಚಕ್ರವನ್ನೂ ಸೇರಿಸಿ, ಬಳಿಕ ದುಬಾರಿ ಶಾಕ್‌ನಿಂದ ಅದನ್ನು ಸರಿಪಡಿಸಿಕೊಳ್ಳುವುದರಲ್ಲಿ ಏನು ಅರ್ಥವಿದೆ? ನಾನು ಹೋಲಿಸಿದ ಕಾರುಗಳಲ್ಲೂ ಮೇಲಿನ ಆವೃತ್ತಿಯ ಚಕ್ರ ಒಂದು ಇಂಚು ದೊಡ್ಡದಿತ್ತು, ಮತ್ತು ಕೈಮರದಿಂದ ಮುಳ್ಳಯ್ಯನಗಿರಿಯತ್ತ ಏರುವ ಒರಟು ಪಟ್ಟಿಗಳಲ್ಲಿ ನಿಧಾನವಾಗಿ ಹೋಗುವಾಗ ಕಡಿಮೆ ಬೆಲೆಯ ಕಾರೇ ಹೆಚ್ಚು ಮೃದುವಾಗಿತ್ತು. ಅಡಾಪ್ಟಿವ್ ಶಾಕ್ ತಂತ್ರವನ್ನು ಸಣ್ಣ ಚಕ್ರದೊಂದಿಗೆ ಕೊಡುವ ಕಂಪನಿ ಮಲೆನಾಡಿನವರ ಮನಸ್ಸನ್ನು ಗೆಲ್ಲುತ್ತದೆ.

ಬೆಲೆಯ ಲೆಕ್ಕವನ್ನು ಶೋರೂಮಿನ ಕಾಗದದಲ್ಲಿರುವಂತೆ ನೋಡಿದರೆ ಸಾಲದು. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಕಾರಿನ ಬೆಲೆಯ ಮೇಲೆ ಬೀಳುವುದರಿಂದ, 20 ಲಕ್ಷ ಮೀರಿದ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಶೇ. 18ರಂತೆ, ಹೆಚ್ಚುವರಿ 3 ಲಕ್ಷಕ್ಕೆ 54,000 ರೂಪಾಯಿ ತೆರಿಗೆಯೇ ಸೇರುತ್ತದೆ. ಸೆಸ್ ಮತ್ತು ವಿಮೆ ಬೇರೆ. ವಿದ್ಯುತ್ ಕಾರುಗಳಲ್ಲಿ ಮೆಟ್ಟಿಲು ಇನ್ನೂ ಎತ್ತರದ್ದಾಗಿತ್ತು. 2024ರಲ್ಲಿ ರಾಜ್ಯ ತಂದ ನಿಯಮದಂತೆ 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಶೇ. 10 ತೆರಿಗೆ ಬಿತ್ತು. ಆ ಗೆರೆಯ ಕೆಳಗಿನ ಆವೃತ್ತಿಯಿಂದ ಮೇಲಿನದಕ್ಕೆ ಹಾರಿದರೆ ಹೆಚ್ಚುವರಿ ಮೊತ್ತಕ್ಕೆ ಮಾತ್ರವಲ್ಲ, ಇಡೀ ಕಾರಿನ ಬೆಲೆಗೇ ತೆರಿಗೆ ಕಟ್ಟಬೇಕಾಗುತ್ತಿತ್ತು. ಆವೃತ್ತಿ ಆರಿಸುವ ಮುನ್ನ ಆ ದಿನದ ದರದಲ್ಲಿ ಎರಡೂ ಆವೃತ್ತಿಗಳ ಆನ್ ರೋಡ್ ಬೆಲೆಯನ್ನು ಬರೆಸಿಕೊಳ್ಳಿ. ಮೇಲಿನ ಆವೃತ್ತಿಯಲ್ಲಿ ಸಸ್ಪೆನ್ಷನ್ ಜೊತೆಗೆ ಸ್ಪೀಕರು, ಗಾಜಿನ ಛಾವಣಿ, ಸೀಟಿನ ಫ್ಯಾನ್ ಮುಂತಾದವೂ ಬರುತ್ತವೆ, ಒಪ್ಪುತ್ತೇನೆ. ಅವು ನಿಮಗೆ ಬೇಕಿದ್ದವೇ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡ ಮೇಲೆ ಉಳಿಯುವ ಮೊತ್ತವೇ ಸಸ್ಪೆನ್ಷನ್‌ನ ನಿಜವಾದ ಬೆಲೆ.

ರಿಪೇರಿಯ ವಿಷಯವಾಗಿ ಹಾಸನದ ಬಿ.ಎಂ. ರಸ್ತೆಯ ಬಳಿ ಗ್ಯಾರೇಜ್ ನಡೆಸುವ, ಬಹಳ ವರ್ಷಗಳಿಂದ ಸಸ್ಪೆನ್ಷನ್ ಕೆಲಸವನ್ನೇ ಮಾಡುತ್ತ ಬಂದಿರುವ ಒಬ್ಬರನ್ನು ಕೇಳಿದೆ. "ಮಾಮೂಲಿ ಶಾಕಪ್ಪಾದ್ರೆ ಸಂಜೆಯೊಳಗೆ ಹಾಕಿ ಕೊಡ್ತೀನಿ ಸಾರ್. ಇದ್ರಲ್ಲಿ ಆಯಿಲ್ ಲೀಕಾದ್ರೆ ಪೂರ್ತಿ ಶಾಕಪ್ಪೇ ಬದಲಾಯಿಸ್ಬೇಕು, ವೈರಿಂಗ್ ಇದೆ, ಕಂಪ್ಯೂಟರ್ ಹಾಕಿ ಸೆಟ್ ಮಾಡ್ಬೇಕು, ಅದು ಕಂಪನಿಯಲ್ಲೇ ಆಗ್ಬೇಕು" ಎಂದರು. ಅವರ ಮಾತು ಸರಿ. ಇಂಥ ಶಾಕ್‌ನ ಬೆಲೆ ಸಾಮಾನ್ಯ ಶಾಕ್‌ಗಿಂತ ಹಲವು ಪಟ್ಟು, ಮತ್ತು ಕೊಪ್ಪ ಅಥವಾ ಕಳಸದಲ್ಲಿ ಮನೆಯಿರುವವರಿಗೆ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿ ಬರುವುದೇ ಒಂದು ದಿನದ ಕೆಲಸ. ಕಾರನ್ನು ಐದಾರು ವರ್ಷಕ್ಕೆ ಮಾರುವವರಿಗೆ ಇದು ದೊಡ್ಡ ಚಿಂತೆಯಲ್ಲ. ಆದರೆ ನಮ್ಮ ಕಡೆ ಒಮ್ಮೆ ಕೊಂಡ ಕಾರನ್ನು ಹನ್ನೆರಡು, ಹದಿನೈದು ವರ್ಷ ಇಟ್ಟುಕೊಳ್ಳುವ ಮನೆಗಳೇ ಹೆಚ್ಚು, ಮತ್ತು ಮಲೆನಾಡಿನ ರಸ್ತೆ ಶಾಕ್‌ಗಳನ್ನು ಬಯಲುಸೀಮೆಯ ರಸ್ತೆಗಿಂತ ಬೇಗ ಸವೆಸುತ್ತದೆ.

ಈ ಕಾರಣದಿಂದಲೇ ನಡುವಿನ ದಾರಿಯೊಂದಕ್ಕೆ ಹೆಚ್ಚು ಗಮನ ಸಿಗಬೇಕು. ಫ್ರೀಕ್ವೆನ್ಸಿ ಸೆಲೆಕ್ಟಿವ್ ಡ್ಯಾಂಪಿಂಗ್ ಎಂಬ ಹೆಸರಿನ ಶಾಕ್‌ಗಳಲ್ಲಿ ಸೆನ್ಸರ್, ವೈರು, ಕಂಪ್ಯೂಟರ್ ಯಾವುದೂ ಇಲ್ಲ. ಪಿಸ್ಟನ್‌ನಲ್ಲೇ ಇರುವ ಇನ್ನೊಂದು ವಾಲ್ವ್, ವೇಗದ ಕಂಪನ ಬಂದಾಗ ಎಣ್ಣೆಗೆ ಮತ್ತೊಂದು ದಾರಿ ತೆರೆದು ಶಾಕನ್ನು ಮೃದುಗೊಳಿಸುತ್ತದೆ, ನಿಧಾನವಾದ ತೂಗಾಟ ಬಂದಾಗ ಮುಚ್ಚಿಕೊಂಡು ಬಿಗಿಗೊಳಿಸುತ್ತದೆ. 2017ರಲ್ಲಿ ಜೀಪ್ ಕಂಪಾಸ್, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಇಂಥ ಶಾಕ್‌ಗಳೊಂದಿಗೇ ಭಾರತಕ್ಕೆ ಬಂದವು. 2021ರಲ್ಲೇ ಬಂದ ಸಿಟ್ರೋಎನ್ ಸಿ5 ಏರ್‌ಕ್ರಾಸ್ ಬೇರೆಯೇ ಉಪಾಯ ಮಾಡಿತ್ತು: ಶಾಕ್‌ನ ಓಟ ಮುಗಿಯುವ ತುದಿಯಲ್ಲಿ ರಬ್ಬರಿನ ತುಂಡಿನ ಜೊತೆಗೆ ಎಣ್ಣೆಯ ತಡೆಯನ್ನೂ ಇಟ್ಟು, ದೊಡ್ಡ ಗುಂಡಿಗೆ ಬಿದ್ದಾಗ ಧಡ್ ಎಂದು ತಾಗದಂತೆ ಮಾಡಿತ್ತು. ನಮ್ಮ ಒಳರಸ್ತೆಗಳಿಗೆ ಬೇಕಾದ ಗುಣ ಇದೇ. ಕಂಪ್ಯೂಟರಿನ ಚುರುಕುತನ ಇವುಗಳಲ್ಲಿಲ್ಲ, ಮೋಡ್ ಬದಲಿಸುವ ಗುಂಡಿಯೂ ಇಲ್ಲ; ಆದರೆ ಕೆಡುವ ಭಾಗಗಳೂ ಕಡಿಮೆ.

ಹಾಗಾದರೆ ಯಾರು ಕೊಡಬಹುದು? ವಾರವಾರವೂ ಬೆಂಗಳೂರಿಗೋ ಮಂಗಳೂರಿಗೋ ತುಂಬಿದ ಕಾರಿನಲ್ಲಿ ಹೋಗಿಬರುವ, ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕರೆದೊಯ್ಯುವ, ವಾರಂಟಿ ಇರುವಷ್ಟು ವರ್ಷ ಮಾತ್ರ ಕಾರು ಇಟ್ಟುಕೊಳ್ಳುವ ಕುಟುಂಬಕ್ಕೆ ನಾನು ಹಿಂಜರಿಯದೆ ಹೌದು ಎನ್ನುತ್ತೇನೆ. ಅವರು ಆ ಹಣದ ಫಲವನ್ನು ಪ್ರತಿ ಪ್ರಯಾಣದಲ್ಲೂ ಅನುಭವಿಸುತ್ತಾರೆ. ದಿನವೂ ತೋಟಕ್ಕೆ, ಶಾಲೆಗೆ, ಪೇಟೆಗೆ ಓಡಾಡಿ, ವರ್ಷಕ್ಕೆ ಕೆಲವೇ ಸಲ ದೂರ ಹೋಗುವ ಕುಟುಂಬಕ್ಕೆ ಬೇಡ ಎನ್ನುತ್ತೇನೆ. ಅವರು ಚಿಕ್ಕ ಚಕ್ರದ ಆವೃತ್ತಿ ಕೊಂಡು, ಟೈರಿನ ಗಾಳಿಯನ್ನು ಬಾಗಿಲಿನ ಪಟ್ಟಿಯಲ್ಲಿ ಬರೆದಷ್ಟೇ ಇಟ್ಟುಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಟೈರು ಹಾಕಿಸಿ ಸಮಯಕ್ಕೆ ಸರಿಯಾಗಿ ಶಾಕ್ ಬದಲಾಯಿಸಿದರೆ ಹೆಚ್ಚು ಸುಖವಾಗಿರುತ್ತಾರೆ. ಇಲ್ಲಿ ಒಂದು ಮಾತು ಸೇರಿಸಬೇಕು: ಗಾಳಿ ಕಡಿಮೆ ಮಾಡಿದರೆ ಮೆತ್ತಗಾಗುತ್ತದೆ ಎಂದು ಕೆಲವರು ಮಾಡುವ ಪ್ರಯೋಗ ಅಪಾಯಕಾರಿ, ಹೆದ್ದಾರಿಯ ವೇಗದಲ್ಲಿ ಟೈರ್ ಕಾದು ಸಿಡಿಯಬಹುದು, ಗುಂಡಿಯಲ್ಲಿ ಅಲಾಯ್ ಬಾಗಬಹುದು.

ನಿರ್ಧಾರಕ್ಕೆ ಮೊದಲು ಪರೀಕ್ಷಾ ಓಟವನ್ನು ನಿಮ್ಮ ರಸ್ತೆಯಲ್ಲೇ ಕೇಳಿ. ಶೋರೂಮಿನವರು ಕರೆದೊಯ್ಯುವ ನುಣುಪಾದ ಹೆದ್ದಾರಿಯ ತುಂಡಿನಲ್ಲಿ ಎಲ್ಲ ಕಾರುಗಳೂ ಚೆನ್ನಾಗಿಯೇ ಇರುತ್ತವೆ. ಮನೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನೀವೂ ಸ್ವಲ್ಪ ದೂರ ಹಿಂದೆ ಕುಳಿತು, ಮೊದಲು ಕಂಫರ್ಟ್ ಮೋಡ್‌ನಲ್ಲಿ, ಆಮೇಲೆ ಬಿಗಿಯಾದ ಮೋಡ್‌ನಲ್ಲಿ ಅದೇ ರಸ್ತೆಯನ್ನು ಮತ್ತೆ ಓಡಿಸಿ ನೋಡಿ. ಎರಡರ ನಡುವೆ ಹಿಂದಿನ ಸೀಟಿನವರಿಗೆ ವ್ಯತ್ಯಾಸ ತಿಳಿಯದಿದ್ದರೆ ಆ ಕಾರಿನ ಅಡಾಪ್ಟಿವ್ ವ್ಯವಸ್ಥೆಗೆ ನೀವು ಹಣ ಕೊಡಬೇಕಾಗಿಲ್ಲ. ಒಂದೇ ದಿನ ಕೆಳಗಿನ ಆವೃತ್ತಿಯನ್ನೂ ಓಡಿಸಿ. ಶಾಕ್‌ಗಳು, ಎತ್ತರ ಅಳೆಯುವ ಸೆನ್ಸರ್‌ಗಳು ಮತ್ತು ಅವುಗಳ ವೈರಿಂಗ್ ವಾರಂಟಿಗೆ ಸೇರುತ್ತವೆಯೇ, ವಿಸ್ತರಿತ ವಾರಂಟಿಯಲ್ಲೂ ಸೇರುತ್ತವೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ಪಡೆಯಿರಿ, ಏಕೆಂದರೆ ಶಾಕ್‌ಗಳನ್ನು ಸವೆಯುವ ಭಾಗವೆಂದು ಎಣಿಸಿ ಕಡಿಮೆ ಅವಧಿ ಕೊಡುವ ಪದ್ಧತಿಯೂ ಇದೆ.

ಈಗಾಗಲೇ ಕೊಂಡವರು ಮಳೆಗಾಲ ಮುಗಿದ ಮೇಲೆ ಕಾರನ್ನು ಎತ್ತಿಸಿ ಚಕ್ರಗಳ ಒಳಭಾಗವನ್ನು ಚೆನ್ನಾಗಿ ತೊಳೆಸುವುದು ಅಗತ್ಯ. ಕೆಂಪು ಮಣ್ಣು ಒಣಗಿ ಗಟ್ಟಿಯಾಗಿ ಎತ್ತರದ ಸೆನ್ಸರ್‌ನ ಸಣ್ಣ ಕೊಂಡಿಯ ಸುತ್ತ ಕುಳಿತರೆ ಅದು ಸಲೀಸಾಗಿ ಆಡುವುದಿಲ್ಲ, ತಪ್ಪು ಅಳತೆ ಕೊಡುತ್ತದೆ. ಹೆಚ್ಚು ಒತ್ತಡದ ನೀರನ್ನು ವೈರಿನ ಕನೆಕ್ಟರ್‌ಗಳ ಮೇಲೆ ನೇರವಾಗಿ ಹಾಯಿಸಬಾರದೆಂದು ತೊಳೆಯುವವರಿಗೆ ಮೊದಲೇ ಹೇಳಿ, ಶಾಕ್‌ನ ಮೈಮೇಲೆ ಎಣ್ಣೆಯ ಜಿಡ್ಡು ಕಂಡರೆ ವಾರಂಟಿ ಮುಗಿಯುವ ಮೊದಲೇ ಸರ್ವೀಸ್ ಕೇಂದ್ರದ ಜಾಬ್ ಕಾರ್ಡ್‌ನಲ್ಲಿ ಬರೆಸಿ.